ಟೊಮೆಟೊ ದರದ ಗೆರೆ: ವೆಬ್ ಪುಟದಲ್ಲಿ ಎಸ್‌ವಿಜಿ ಮೂಡಿಸುವ ಬಗ್ಗೆ ಟಿಪ್ಪಣಿ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಲೆಕ್ಕ 15 ಕೆಜಿ ಬಾಕ್ಸ್‌ನಲ್ಲಿ. ಇವತ್ತಿನ ದರ ನಾಳೆ ಇರುವುದಿಲ್ಲ. 2023ರ ಜುಲೈನಲ್ಲಿ ಒಂದು ಬಾಕ್ಸ್ 2 ಸಾವಿರ ರೂಪಾಯಿ ದಾಟಿತ್ತು. ಕಿತ್ತ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದ ದಿನಗಳೂ ಇವೆ. ವೆಬ್ ಕಲಿಯುವಾಗ ನಾನು ಅಭ್ಯಾಸಕ್ಕೆ ಹಿಡಿದದ್ದು ಇದನ್ನೇ. ಏಳು ದಿನದ ದರ ಕೊಟ್ಟರೆ ಏರಿಳಿತದ ಗೆರೆ ಪುಟದಲ್ಲಿ ತಾನೇ ಮೂಡಬೇಕು, ಅಷ್ಟೇ. ಗೆರೆಯ ಲೆಕ್ಕ ಒಂದೇ ಸಂಜೆಗೆ ಮುಗಿಯಿತು. ಅದು ಕಣ್ಣಿಗೆ ಕಾಣುವುದಕ್ಕೆ ಎರಡು ವಾರ ಹಿಡಿಯಿತು.

ಎಸ್‌ವಿಜಿ ಅಂದರೆ ಅಕ್ಷರದಲ್ಲಿ ಬರೆದ ಚಿತ್ರ. ಜೆಪೆಗ್‌ನಲ್ಲಿ ಚುಕ್ಕಿಗಳಿರುತ್ತವೆ, ಹಿಗ್ಗಿಸಿದರೆ ಮಸುಕಾಗುತ್ತವೆ. ಇದರಲ್ಲಿ ಇರುವುದು ‘ಇಲ್ಲಿಂದ ಅಲ್ಲಿಗೆ ಗೆರೆ ಎಳಿ’ ಅನ್ನುವ ಮಾತು, ಹಾಗಾಗಿ ಎಷ್ಟು ಹಿಗ್ಗಿಸಿದರೂ ಚೂಪಾಗೇ ಇರುತ್ತದೆ. ವೆಬ್‌ಗೆ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಇದನ್ನು 2001ರಲ್ಲಿ ಮಾನದಂಡ ಮಾಡಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಇದು ಬಂದದ್ದು 2011ರ 9ನೇ ಆವೃತ್ತಿಯಲ್ಲಿ. ಈಗ ಎಲ್ಲ ಬ್ರೌಸರ್‌ನಲ್ಲೂ ಓಡುತ್ತದೆ.

ಮೊದಲು ಲೆಕ್ಕ. ವ್ಯೂಬಾಕ್ಸ್ ‘0 0 600 200’ ಅಂತ ಇಟ್ಟುಕೊಳ್ಳಿ. ಇದು ಪಿಕ್ಸೆಲ್ ಅಲ್ಲ, ಚಿತ್ರದ ಒಳಗಿನ ಅಳತೆ. ಹೊರಗಿನ ಅಗಲವನ್ನು ಸಿಎಸ್‌ಎಸ್‌ನಲ್ಲಿ (ಪುಟದ ಅಂದ, ಅಳತೆ ಹೇಳುವ ಭಾಷೆ) 100% ಕೊಟ್ಟರೆ ಮೊಬೈಲ್‌ನಲ್ಲೂ ಸರಿಯಾಗಿ ಕೂರುತ್ತದೆ. ವ್ಯೂಬಾಕ್ಸನ್ನೂ ಅಳತೆಯನ್ನೂ ಎರಡನ್ನೂ ಮರೆತರೆ ಬ್ರೌಸರ್ ಸುಮ್ನೆ 300 ಅಗಲ, 150 ಎತ್ತರ ಕೊಟ್ಟು ಉಳಿದದ್ದನ್ನು ಕತ್ತರಿಸುತ್ತದೆ. ಏಳು ದಿನಕ್ಕೆ ಏಳು ಚುಕ್ಕಿ, ನಡುವೆ ಆರು ಸಂದು. ಅಂದರೆ 600ನ್ನು 6ರಿಂದ ಭಾಗಿಸಬೇಕು, 7ರಿಂದ ಅಲ್ಲ. ಗರಿಷ್ಠ ದರ 800 ಅಂತಿಟ್ಟುಕೊಂಡರೆ 450 ರೂಪಾಯಿಯ ಎತ್ತರ 450 ಭಾಗಿಸು 800 ಗುಣಿಸು 200, ಅಂದರೆ 112.5. ಆದರೆ ಎಸ್‌ವಿಜಿಯಲ್ಲಿ ಸೊನ್ನೆ ಇರುವುದು ಮೇಲೆ. ಅದಕ್ಕೇ 200ರಿಂದ ಕಳೆದು 87.5ರಲ್ಲಿ ಚುಕ್ಕಿ ಇಡಬೇಕು. ನಾನು ಕಳೆಯುವುದನ್ನು ಮರೆತಿದ್ದೆ. ದರ ಬಿದ್ದ ದಿನವೆಲ್ಲ ಗೆರೆ ಆಕಾಶಕ್ಕೆ ಏರುತ್ತಿತ್ತು. ರೈತರಿಗೆ ತೋರಿಸಿದ್ದರೆ ಬೈಸಿಕೊಳ್ಳುತ್ತಿದ್ದೆ.

ನಿಜವಾಗಿ ಕಾಡಿದ್ದು ಮುಂದಿನದು. ಜಾವಾಸ್ಕ್ರಿಪ್ಟ್‌ನಲ್ಲಿ ಹೊಸ ಟ್ಯಾಗ್ ಹುಟ್ಟಿಸುವ ಕ್ರಿಯೇಟ್‌ಎಲಿಮೆಂಟ್ ಬಳಸಿ ಏಳು ಸರ್ಕಲ್ ಮಾಡಿ ಎಸ್‌ವಿಜಿ ಒಳಗೆ ಸೇರಿಸಿದೆ. ಪುಟ ಖಾಲಿ. ಬ್ರೌಸರ್ ತಪ್ಪು ತೋರಿಸುವ ಕನ್ಸೋಲ್‌ನಲ್ಲಿ ಒಂದು ತಪ್ಪೂ ಇಲ್ಲ. ಇನ್‌ಸ್ಪೆಕ್ಟರ್ ತೆರೆದರೆ ಏಳೂ ಸರ್ಕಲ್ ಅಲ್ಲೇ ಇವೆ, ಅಳತೆ ಬಣ್ಣ ಎಲ್ಲ ಸರಿ! ಎರಡು ದಿನ ಬಣ್ಣ ಬದಲಿಸಿ ನೋಡಿದೆ. ಕಾರಣ ಇಷ್ಟೇ: ಕ್ರಿಯೇಟ್‌ಎಲಿಮೆಂಟ್ ಹುಟ್ಟಿಸುವುದು ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್‌ನ ಮನೆಯ ಮಗುವನ್ನು. ಎಚ್‌ಟಿಎಂಎಲ್‌ನಲ್ಲಿ ಸರ್ಕಲ್ ಅನ್ನುವ ಟ್ಯಾಗೇ ಇಲ್ಲ, ಆದ್ದರಿಂದ ಬ್ರೌಸರ್ ಅದನ್ನು ಗುರುತಿಲ್ಲದ ಟ್ಯಾಗ್ ಅಂತ ಇಟ್ಟುಕೊಳ್ಳುತ್ತದೆ, ಬರೆಯುವುದಿಲ್ಲ. ಒಂದೇ ಕ್ಲಾಸಿನಲ್ಲಿ ಮೂವರು ಮಂಜುನಾಥ ಇದ್ದರೆ ಇನಿಷಿಯಲ್ ಹಿಡಿದು ಕರೆಯುತ್ತೇವೆ, ಅಲ್ವಾ? ನೇಮ್‌ಸ್ಪೇಸ್, ಅಂದರೆ ಟ್ಯಾಗ್ ಯಾವ ಮನೆಯದು ಅನ್ನುವ ಹೆಸರು, ಆ ಇನಿಷಿಯಲ್. ಟೈಟಲ್, ಸ್ಟೈಲ್, ಸ್ಕ್ರಿಪ್ಟ್ ಎರಡೂ ಮನೆಯಲ್ಲಿವೆ, ಹೆಸರಷ್ಟೇ ನೋಡಿ ಯಾರು ಅಂತ ಹೇಳಲಾಗದು. ಬಳಸಬೇಕಾದದ್ದು ಕ್ರಿಯೇಟ್‌ಎಲಿಮೆಂಟ್‌ಎನ್‌ಎಸ್, ಜೊತೆಗೆ ಡಬ್ಲ್ಯೂ3 ಡಾಟ್ ಆರ್ಗ್‌ನ ‘2000/ಎಸ್‌ವಿಜಿ’ ವಿಳಾಸ. ವಿಳಾಸದಂತೆ ಕಂಡರೂ ಬ್ರೌಸರ್ ಅಲ್ಲಿಗೆ ಹೋಗುವುದಿಲ್ಲ, ಅದು ಬರೀ ಹೆಸರು.

ಇನ್ನು ಚಿತ್ರವನ್ನು ಪುಟಕ್ಕೆ ಸೇರಿಸುವ ದಾರಿ. ಇದನ್ನು ನಾನು ಕೊನೆಗೆ ಯೋಚಿಸಿದೆ, ನೀವು ಮೊದಲೇ ಯೋಚಿಸಿ. ಟ್ಯಾಗನ್ನೇ ಪುಟದೊಳಗೆ ಬರೆದರೆ ಪುಟದ ಸಿಎಸ್‌ಎಸ್ ತಾಗುತ್ತದೆ, ಚುಕ್ಕಿ ಮುಟ್ಟಿದಾಗ ದರ ತೋರಿಸಬಹುದು. ಸರ್ವರ್‌ನಲ್ಲಿ ಚಿತ್ರ ಮಾಡಿ ಇಮೇಜ್ ಟ್ಯಾಗ್‌ನಲ್ಲಿ ತೋರಿಸಿದರೆ ಇದ್ಯಾವುದೂ ಇಲ್ಲ. ಸ್ಕ್ರಿಪ್ಟ್ ಓಡುವುದಿಲ್ಲ, ಹೊರಗಿನ ಫಾಂಟೂ ಬರುವುದಿಲ್ಲ. ಆಬ್ಜೆಕ್ಟ್ ಟ್ಯಾಗ್ ಎರಡರ ನಡುವಿನದು, ನನಗೆ ಬೇಕಾಗಲಿಲ್ಲ. ಗೆರೆ ಸುಮ್ನೆ ನೋಡಲಿಕ್ಕಾದರೆ ಇಮೇಜ್ ಸಾಕು. ಮುಟ್ಟಬೇಕಾದರೆ ಒಳಗೇ ಇಡಿ.

ಒಂದೇ ಎಸ್‌ವಿಜಿ ಬರಹ ಈ ಎರಡು ದಾರಿಯಲ್ಲಿ ಬೇರೆ ಬೇರೆ ಥರ ನಡೆದುಕೊಳ್ಳುತ್ತದೆ. ಚಿತ್ರದ ಮೇಲೆ ಮಂಡಿ ಹೆಸರು ಬರುವಂತೆ ಮಾಡಿದ್ದೆ. ಎಲ್ಲ ಮಂಡಿಗೂ ಬರುತ್ತಿತ್ತು, ಒಂದಕ್ಕೆ ಮಾತ್ರ ಒಡೆದ ಚಿತ್ರದ ಗುರುತು. ಆ ಹೆಸರಿನ ಕೊನೆಯಲ್ಲಿ ‘& ಸನ್ಸ್’ ಇತ್ತು. ಪುಟದೊಳಗೆ ಬರೆದಾಗ ಎಚ್‌ಟಿಎಂಎಲ್ ಅದನ್ನು ನೋಡಿಯೂ ನೋಡದ ಹಾಗೆ ಬಿಟ್ಟಿತ್ತು. ಇಮೇಜ್ ಆಗಿ ಹೋದಾಗ ಬ್ರೌಸರ್ ಓದುವುದು ಎಕ್ಸ್‌ಎಂಎಲ್ ಅನ್ನುವ ಬೇರೊಂದು ಭಾಷೆಯ ನಿಯಮದಲ್ಲಿ. ಅದು ಕಟ್ಟುನಿಟ್ಟು, ಒಂದು ಬಿಡಿ & ಕಂಡರೂ ಇಡೀ ಚಿತ್ರ ಬಿಡುತ್ತದೆ. ಹೊರಗಿಂದ ಬಂದ ಹೆಸರನ್ನು ಎಸ್ಕೇಪ್ ಮಾಡಿಯೇ, ಅಂದರೆ ಇಂಥ ಚಿಹ್ನೆಗಳು ಬರೀ ಅಕ್ಷರ ಅಂತ ಓದುವ ಹಾಗೆ ಬದಲಿಸಿಯೇ ಸೇರಿಸಬೇಕು. ಪುಟದೊಳಗಾದರೆ ಟೆಕ್ಸ್ಟ್‌ಕಂಟೆಂಟ್ ಬಳಸಿ. ಇನ್ನರ್‌ಎಚ್‌ಟಿಎಂಎಲ್‌ಗೆ ಹಾಗೇ ಸುರಿದರೆ ಯಾರಾದರೂ ಹೆಸರಿನ ಜಾಗದಲ್ಲಿ ಕೋಡ್ ತುಂಬಿ ಅದು ನಿಮ್ಮ ಪುಟದಲ್ಲೇ ಓಡಬಹುದು.

ಸರ್ವರ್‌ನಿಂದ ಕಳಿಸುವವರಿಗೆ ಎರಡು ಮಾತು. ಕಂಟೆಂಟ್ ಟೈಪ್ ‘ಇಮೇಜ್/ಎಸ್‌ವಿಜಿ+ಎಕ್ಸ್‌ಎಂಎಲ್’ ಇರಲೇಬೇಕು, ಬರೀ ಟೆಕ್ಸ್ಟ್ ಅಂತ ಹೋದರೆ ಇಮೇಜ್ ಟ್ಯಾಗ್ ತೋರಿಸುವುದಿಲ್ಲ. ಚಿತ್ರದ ವಿಳಾಸ ಒಂದೇ ಇದ್ದರೆ ಫೋನ್ ಹಳೆಯದನ್ನೇ ಕ್ಯಾಶ್‌ನಿಂದ (ತಾನು ಉಳಿಸಿಟ್ಟುಕೊಂಡ ಜಾಗದಿಂದ) ತೆಗೆದು ತೋರಿಸಬಹುದು. ಹರಾಜು ಮುಗಿದು ದರ ಬದಲಾದರೂ ಗೆರೆ ನಿನ್ನೆಯದು. ಕ್ಯಾಶ್ ಹೆಡರ್‌ನಲ್ಲಿ ‘ನೋ-ಕ್ಯಾಶ್’ ಹಾಕಿ, ಇಲ್ಲವೇ ವಿಳಾಸದ ಕೊನೆಗೆ ದಿನಾಂಕ ಸೇರಿಸಿ.

ಕೊನೆಯದು ನಮ್ಮ ಕನ್ನಡದ್ದೇ ತಾಪತ್ರಯ. ಊರ ಹೆಸರಿನ ಹಿಂದೆ ಒಂದು ಬಣ್ಣದ ಪಟ್ಟಿ ಬೇಕಿತ್ತು. ಅಗಲಕ್ಕೆ ಅಕ್ಷರ ಎಣಿಸಿ ಹತ್ತರಿಂದ ಗುಣಿಸಿದೆ. ‘ಶ್ರೀನಿವಾಸಪುರ’ ಕಣ್ಣಿಗೆ ಆರಕ್ಷರ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಕೊಟ್ಟದ್ದು 12. ವಿರಾಮ ಚಿಹ್ನೆ (್), ಒತ್ತು, ಗುಣಿತ ಎಲ್ಲವನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತದೆ. ಪಟ್ಟಿ ಹೆಸರಿಗಿಂತ ಎಷ್ಟೋ ಉದ್ದ ಬಂತು. ಎಣಿಸುವ ಗೋಜೇ ಬೇಡ. ಹೆಸರನ್ನು ಮೊದಲು ಪುಟಕ್ಕೆ ಸೇರಿಸಿ, ಆಮೇಲೆ ಗೆಟ್‌ಬಿಬಾಕ್ಸ್ ಕೇಳಿದರೆ ಬ್ರೌಸರೇ ಅಳೆದು ಹೇಳುತ್ತದೆ. ಫಾಂಟ್ ಪೂರ್ತಿ ಬಂದ ಮೇಲೆ ಅಳೆಯಿರಿ, ಮೊದಲೇ ಅಳೆದರೆ ಬದಲಿ ಫಾಂಟಿನ ಅಗಲ ಸಿಗುತ್ತದೆ. ಅಳೆದ ಮೇಲೆ ಪಟ್ಟಿಯನ್ನು ಎಸ್‌ವಿಜಿ ಒಳಗೆ ಹೆಸರಿಗಿಂತ ಮುಂಚಿನ ಜಾಗದಲ್ಲಿ ಸೇರಿಸುವುದು ಮಾತ್ರ ಮರೆಯಬೇಡಿ. ಎಸ್‌ವಿಜಿಯಲ್ಲಿ ಆಮೇಲೆ ಬಂದದ್ದು ಮೇಲೆ ಕೂರುತ್ತದೆ, ನನ್ನ ಶ್ರೀನಿವಾಸಪುರ ಒಂದು ಸಲ ಹಾಗೇ ಪಟ್ಟಿಯಡಿ ಮುಚ್ಚಿಹೋಗಿತ್ತು.