ಪದ ಪರಿಚಯ: ಆಪರೇಟರ್ ಸುರಕ್ಷತಾ ತರಬೇತಿ

"ಹತ್ತು ವರ್ಷದಿಂದ ಗಾಡಿ ಓಡಿಸ್ತಿದಾನೆ ಸಾರ್, ಅವನಿಗೇನು ಹೇಳಿಕೊಡೋದು?" ದಾವಣಗೆರೆಯ ಮಿಲ್ಲಿರಲಿ, ಚಿತ್ರದುರ್ಗದ ಕ್ರಷರ್ ಇರಲಿ, ತರಬೇತಿಯ ಮಾತು ತೆಗೆದರೆ ಮಾಲೀಕರಿಂದ ಬರುವ ಮೊದಲ ಉತ್ತರ ಸಾಮಾನ್ಯವಾಗಿ ಇದೇ. ಎರಡನೆಯದು, "ಲೈಸೆನ್ಸ್ ಇದೆಯಲ್ಲ!"

ಆಪರೇಟರ್ ಸುರಕ್ಷತಾ ತರಬೇತಿ ಅನ್ನುವುದು ಇವೆರಡೂ ಅಲ್ಲ. ಕೆಲಸದ ಜಾಗದಲ್ಲಿ ಲಾರಿ, ಟಿಪ್ಪರ್, ಟ್ರ್ಯಾಕ್ಟರ್, ಜೆಸಿಬಿ, ಫೋರ್ಕ್‌ಲಿಫ್ಟ್ (ಮುಂದಿನ ಎರಡು ಕಬ್ಬಿಣದ ಹಲ್ಲುಗಳಿಂದ ಸರಕು ಎತ್ತಿ ಸಾಗಿಸುವ ಗಾಡಿ) ಅಥವಾ ಇನ್ಯಾವುದೋ ಯಂತ್ರ ನಡೆಸುವವರಿಗೆ ಕೆಲಸ ಕೊಟ್ಟವರೇ ಏರ್ಪಾಡು ಮಾಡಬೇಕಾದ ಕಲಿಕೆ ಅದು. ಮೊದಲು ಹೇಳಿಕೊಡಬೇಕು. ಆಮೇಲೆ ಅದೇ ಯಂತ್ರದ ಮೇಲೆ, ಅದೇ ಅಂಗಳದಲ್ಲಿ ಮಾಡಿಸಿ ನೋಡಬೇಕು. ಸ್ವಲ್ಪ ಕಾಲ ಕಳೆದ ಮೇಲೆ ಮತ್ತೆ ಪರೀಕ್ಷಿಸಬೇಕು. ನಮ್ಮ ಕಡೆ ಮೊದಲನೆಯದು ಅಲ್ಲಲ್ಲಿ ನಡೆಯುತ್ತದೆ. ಮೂರನೆಯದನ್ನು ಕೇಳಲೇಬೇಡಿ.

ಲೈಸೆನ್ಸ್ ವಿಷಯಕ್ಕೆ ಬರೋಣ. ಹಗುರ ವಾಹನದ ಲೈಸೆನ್ಸ್ ಇದ್ದವರು ಒಟ್ಟು 7,500 ಕೆ.ಜಿ. ಮೀರದ ಸರಕು ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಕಾನೂನಿನ ಮಟ್ಟಿಗೆ ಗೊಂದಲ ಮುಗಿಯಿತು. ಆದರೆ ನಿನ್ನೆವರೆಗೆ ಕಾರು ಓಡಿಸುತ್ತಿದ್ದ ಹುಡುಗ ಇವತ್ತು ಮೆಕ್ಕೆಜೋಳದ ಚೀಲ ತುಂಬಿದ ಮಿನಿ ಲಾರಿ ಹತ್ತಿದರೆ, ಬ್ರೇಕ್ ಒತ್ತಿದ ಮೇಲೆ ಅದು ಎಷ್ಟು ದೂರ ಹೋಗಿ ನಿಲ್ಲುತ್ತದೆ ಅನ್ನುವುದು ಅವನಿಗೆ ಗೊತ್ತಾ? ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 16 ಮೀಟರಿಗೂ ಜಾಸ್ತಿ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಗಾಡಿ ಅಷ್ಟು ದೂರ ಹೋಗಿರುತ್ತದೆ. ಲೈಸೆನ್ಸ್ ರಸ್ತೆಗೆ ಇಳಿಯಲು ಕೊಡುವ ಅನುಮತಿ, ಅಷ್ಟೇ. ಮಿಲ್ಲಿನ ಅಂಗಳದ ಇಳಿಜಾರು ಎಲ್ಲಿದೆ, ಹಮಾಲರು ಯಾವ ಕಡೆಯಿಂದ ಬರುತ್ತಾರೆ ಅನ್ನುವುದನ್ನು ಆರ್‌ಟಿಒ ಹೇಳಿಕೊಡುವುದಿಲ್ಲ.

ತರಬೇತಿ ಮಾಲೀಕರ ಹೊಣೆ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಅಂಗಳ ಅವರದ್ದು, ಯಂತ್ರ ಅವರದ್ದು. ಸಂಜೆಯೊಳಗೆ ಎಷ್ಟು ಲೋಡು ಹೋಗಬೇಕು ಅಂತ ಹೇಳುವವರೂ ಅವರೇ.

ಫೋರ್ಕ್‌ಲಿಫ್ಟ್ ತೆಗೆದುಕೊಳ್ಳಿ. ದೊಡ್ಡ ಗೋಡೌನು, ಕಾರ್ಖಾನೆಗಳಲ್ಲಿ ಇದು ಈಗ ಸಾಮಾನ್ಯ. ನೋಡಲು ಚಿಕ್ಕ ಗಾಡಿ, ಹಾಗಾಗಿ ಯಾರು ಬೇಕಾದರೂ ಹತ್ತುತ್ತಾರೆ. ಇದರ ಸ್ಟೇರಿಂಗ್ ತಿರುಗಿಸಿದರೆ ತಿರುಗುವುದು ಹಿಂದಿನ ಚಕ್ರ. ಮೂತಿ ಎಡಕ್ಕೆ ಹೋದರೆ ಬಾಲ ಬಲಕ್ಕೆ ಬೀಸುತ್ತದೆ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಗೋಡೆಗೆ ಒತ್ತಿ ಹಿಡಿದಂತೆ. ನಾಲ್ಕು ಚಕ್ರ ಇದ್ದರೂ ಇದು ನಿಂತಿರುವುದು ಮೂರು ಬಿಂದುಗಳ ಮೇಲೆ: ಮುಂದಿನ ಎರಡು ಚಕ್ರ, ಹಿಂದಿನ ಆಕ್ಸಲ್‌ನ ನಡುಭಾಗ. ಗಾಡಿ ಮತ್ತು ಲೋಡು ಎರಡರ ಒಟ್ಟು ಭಾರದ ಕೇಂದ್ರ ಈ ತ್ರಿಕೋನದ ಒಳಗಿರುವ ತನಕ ಸರಿ, ಹೊರಗೆ ಹೋಯಿತೋ ಗಾಡಿ ಉರುಳಿತು. ಲೋಡನ್ನು ಮೇಲೆತ್ತಿಕೊಂಡೇ ತಿರುವು ತೆಗೆದುಕೊಂಡರೆ ಆಗುವುದು ಇದೇ.

ಸೀಟಿನ ಹತ್ತಿರ ಒಂದು ಲೋಹದ ಪ್ಲೇಟ್ ಇರುತ್ತದೆ. ಎಷ್ಟು ಭಾರ, ಎಷ್ಟು ಎತ್ತರಕ್ಕೆ, ಫೋರ್ಕಿನ ಬುಡದಿಂದ ಎಷ್ಟು ದೂರದಲ್ಲಿ ಅಂತ ಅದರಲ್ಲಿ ಬರೆದಿರುತ್ತದೆ. ಎರಡು ಟನ್ ಗಾಡಿ ಅಂದ ಮಾತ್ರಕ್ಕೆ ಎಲ್ಲ ಸಲವೂ ಎರಡು ಟನ್ ಎತ್ತುವುದಿಲ್ಲ. ಲೋಡು ಉದ್ದವಾಗಿ ಅದರ ಭಾರ ಮುಂದೆ ಸರಿದಷ್ಟೂ ಗಾಡಿಯ ಶಕ್ತಿ ಇಳಿಯುತ್ತದೆ. ಎಷ್ಟೋ ಕಡೆ ಆ ಪ್ಲೇಟಿನ ಮೇಲೆ ಬಣ್ಣ ಬಳಿದಿರುತ್ತಾರೆ, ಇಲ್ಲವೇ ದೇವರ ಸ್ಟಿಕರ್ ಅಂಟಿಸಿರುತ್ತಾರೆ.

ಇನ್ನೊಂದು ಮಾತು, ಇದು ಅನುಭವದಿಂದ ಬರುವಂಥದ್ದೇ ಅಲ್ಲ. ಕುಳಿತು ಓಡಿಸುವ ಫೋರ್ಕ್‌ಲಿಫ್ಟ್ ಉರುಳಲು ಶುರುವಾದರೆ ಹೊರಗೆ ಹಾರಬಾರದು. ಬೆಲ್ಟ್ ಹಾಕಿಕೊಂಡು, ಸ್ಟೇರಿಂಗ್ ಬಿಗಿಯಾಗಿ ಹಿಡಿದು, ಗಾಡಿ ಬೀಳುವ ಕಡೆಗಲ್ಲ, ಅದರ ವಿರುದ್ಧ ದಿಕ್ಕಿಗೆ ವಾಲಬೇಕು. ಹಾರಿದವನ ಮೇಲೇ ತಲೆಯ ಮೇಲಿನ ಕಬ್ಬಿಣದ ಚೌಕಟ್ಟು ಬಂದು ಬೀಳುತ್ತದೆ. ಆದರೆ ಮನುಷ್ಯನ ಮೈ ಹೇಳುವುದು ಹಾರು ಅಂತಲೇ ಅಲ್ವಾ? ಮೊದಲೇ ಹೇಳಿ, ಮಾಡಿಸಿ ಅಭ್ಯಾಸ ಮಾಡಿಸದಿದ್ದರೆ ಆ ಒಂದು ಕ್ಷಣದಲ್ಲಿ ಯಾರೂ ಕಲಿಯಲು ಆಗುವುದಿಲ್ಲ. ಹತ್ತು ವರ್ಷ ಗಾಡಿ ಉರುಳದೆ ಓಡಿಸಿದವನಿಗೂ ಇದು ಹೊಸದೇ.

ಟಿಪ್ಪರ್ ಡ್ರೈವರ್‌ಗೂ ಇಂಥದ್ದೇ ಒಂದು ಪಾಠ ಇದೆ. ಜಲ್ಲಿ ಸುರಿಯಲು ಹಿಂಬದಿ ಎತ್ತಿದಾಗ ಅದು ಮೇಲಿನ 11 ಕೆವಿ ತಂತಿಗೆ ತಾಗಿತು ಅಂದುಕೊಳ್ಳಿ. ಬೆಂಕಿ ಇಲ್ಲದಿದ್ದರೆ ಕ್ಯಾಬಿನ್ನಲ್ಲೇ ಕೂರಬೇಕು, ಹತ್ತಿರ ಬರುವವರನ್ನು ಕೂಗಿ ದೂರ ಇಡಬೇಕು, ಬೆಸ್ಕಾಂನವರು ಲೈನ್ ಆಫ್ ಮಾಡಿದ್ದು ಖಾತ್ರಿಯಾಗುವ ತನಕ ಇಳಿಯಬಾರದು. ಬೆಂಕಿ ಹತ್ತಿದರೆ ಎರಡೂ ಕಾಲು ಜೋಡಿಸಿ ನೆಲಕ್ಕೆ ಹಾರಬೇಕು. ಒಂದು ಕೈ ಗಾಡಿಯ ಮೇಲೆ, ಒಂದು ಕಾಲು ನೆಲದ ಮೇಲೆ ಇದ್ದರೆ ಕರೆಂಟು ಮೈಯೊಳಗಿಂದಲೇ ಹರಿಯುತ್ತದೆ. ಹಾರಿದ ಮೇಲೂ ಓಡುವಂತಿಲ್ಲ, ಪಾದ ನೆಲದಿಂದ ಎತ್ತದೆ ಜರುಗುತ್ತಾ ದೂರ ಹೋಗಬೇಕು.

ಇನ್ನು ಮೆಕ್ಕೆಜೋಳದ ಒಕ್ಕಣೆ. ಕೊಯ್ಲಿನ ಕಾಲಕ್ಕೆ ದಾವಣಗೆರೆ ಸೀಮೆಯಲ್ಲಿ ಬಾಡಿಗೆ ಯಂತ್ರಗಳು ಊರೂರು ತಿರುಗುತ್ತವೆ. ಟ್ರ್ಯಾಕ್ಟರಿನ ಪಿಟಿಒ ಶಾಫ್ಟ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಒಕ್ಕಣೆ ಯಂತ್ರಕ್ಕೆ ಸಾಗಿಸುವ ತಿರುಗುವ ದಂಡ, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9. ಟವೆಲ್ಲಿನ ತುದಿಯೋ ಸೆರಗೋ ಸಿಕ್ಕರೆ ಕೂಗಿ ಹೇಳುವಷ್ಟರಲ್ಲಿ ಮುಗಿದಿರುತ್ತದೆ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಕಿತ್ತು ಬಿಸಾಕಿದ ಯಂತ್ರಗಳೇ ಕಣ್ಣಿಗೆ ಬೀಳುತ್ತವೆ. ಸಿಕ್ಕಿಹಾಕಿಕೊಂಡ ತೆನೆ ತೆಗೆಯುವಾಗ ಎಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕಿಕೊಳ್ಳಬೇಕು. ಸುಮ್ನೆ ಆಫ್ ಮಾಡಿದರೆ ಸಾಲದು, ಇನ್ನೊಬ್ಬ ಬಂದು ಆನ್ ಮಾಡಿಬಿಡಬಹುದು.

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯ್ದೆಯ 7ಎ ಕಲಂ ಕೆಲಸಗಾರರಿಗೆ ಬೇಕಾದ ಮಾಹಿತಿ, ತರಬೇತಿ, ಮೇಲ್ವಿಚಾರಣೆ ಕೊಡುವುದು ಮಾಲೀಕರ ಕರ್ತವ್ಯ ಎಂದಿತ್ತು. ಓಡುತ್ತಿರುವ ಯಂತ್ರಕ್ಕೆ ಎಣ್ಣೆ ಹಾಕುವವನು ವಿಶೇಷ ತರಬೇತಿ ಪಡೆದವನಾಗಿರಬೇಕು, ಮೈಗಂಟಿದ ಬಟ್ಟೆ ತೊಟ್ಟಿರಬೇಕು, ಆ ಬಟ್ಟೆಯನ್ನೂ ಮಾಲೀಕರೇ ಕೊಡಬೇಕು ಅಂತ 22ನೇ ಕಲಂನಲ್ಲಿತ್ತು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಸುರಕ್ಷತಾ ಸಂಹಿತೆ ಬಂದಿದೆ, ಜಾರಿಯಾದದ್ದು 2025ರ ನವೆಂಬರ್ 21ರಂದು. ತರಬೇತಿಯ ಕರ್ತವ್ಯ ಅದರಲ್ಲೂ ಇದೆ. ಆದರೆ ಕರೆಂಟು ಬಳಸುವ ಕಡೆ ಕಾರ್ಖಾನೆ ಎನಿಸಿಕೊಳ್ಳಲು ಮೊದಲು 10 ಕೆಲಸಗಾರರು ಸಾಕಿತ್ತು, ಈಗ 20 ಬೇಕು. ಮಿಲ್ಲಿನ ಬೆಲ್ಟಿಗೆ ಈ ಲೆಕ್ಕ ಗೊತ್ತಿಲ್ಲ ಬಿಡಿ. ಚಿತ್ರದುರ್ಗದ ಭೀಮಸಮುದ್ರದ ಕಡೆಯ ಅದಿರು ಗಣಿಗಳಂಥ ಕಡೆ 1966ರಿಂದಲೇ ತರಬೇತಿಗೆ ಪ್ರತ್ಯೇಕ ನಿಯಮಗಳಿವೆ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟ ಮಾಲೀಕರಿಗೆ ಮೋಟಾರು ವಾಹನ ಕಾಯ್ದೆಯಡಿ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿ ದಂಡ, ಅಥವಾ ಎರಡೂ.

ಅಪಘಾತ ಆದ ಮೇಲೆ ಪರಿಹಾರ, ಆಸ್ಪತ್ರೆ, ಪೊಲೀಸು, ನಿಂತ ಯಂತ್ರ ಎಲ್ಲವೂ ಮಾಲೀಕರ ತಲೆಗೇ ಬರುತ್ತವೆ. ಆಮೇಲೆ ತರಬೇತಿಗೆ ಜನ ಹುಡುಕುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮಾರ್ಚ್ 4, ರಾಷ್ಟ್ರೀಯ ಸುರಕ್ಷತಾ ದಿನ. ಅವತ್ತು ಬ್ಯಾನರ್ ಕಟ್ಟಿ, ಪ್ರತಿಜ್ಞೆ ಓದಿಸಿ, ಬಿಸ್ಕತ್ತು ಹಂಚಿದರೆ ಅದು ತರಬೇತಿ ಅಲ್ಲ. ಇಂಗ್ಲಿಷ್ ವಿಡಿಯೋ ಹಾಕಿ ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದೂ ಅಲ್ಲ. ನನ್ನ ಕೇಳಿದರೆ, ಇದಕ್ಕಿಂತ ಕೆಟ್ಟದ್ದು ಬೆಳಿಗ್ಗೆ ನಿಧಾನವಾಗಿ ಓಡಿಸು ಅಂತ ಪಾಠ ಮಾಡಿ, ಸಂಜೆ ಟ್ರಿಪ್ ಲೆಕ್ಕದಲ್ಲಿ ಕೂಲಿ ಕೊಡುವುದು. ಅಲ್ಲಿಗೆ ಡ್ರೈವರ್ ಕಲಿಯುವ ಪಾಠವೇ ಬೇರೆ.

ಅಮೆರಿಕದಲ್ಲಿ ಫೋರ್ಕ್‌ಲಿಫ್ಟ್ ಆಪರೇಟರ್ ಕೆಲಸವನ್ನು ಕನಿಷ್ಠ 3 ವರ್ಷಕ್ಕೊಮ್ಮೆ ಪರೀಕ್ಷಿಸಬೇಕು ಅಂತ ನಿಯಮವಿದೆ. ಬೇರೆ ಥರದ ಗಾಡಿ ಬಂದರೆ, ಜಾಗದ ಸ್ಥಿತಿ ಬದಲಾದರೆ, ಅಪಘಾತ ಆದರೆ ಅಥವಾ ಕೂದಲೆಳೆಯಲ್ಲಿ ತಪ್ಪಿದರೆ ಮತ್ತೆ ಹೇಳಿಕೊಡಬೇಕು. ನಮ್ಮ ಸಣ್ಣ ಮಿಲ್ಲಿಗೂ ಇದು ಭಾರವೇನಲ್ಲ. ಯಂತ್ರ ಮಾರಿದ ಕಂಪನಿಯವರನ್ನು ಅರ್ಧ ದಿನ ಕರೆಸಿ ಕನ್ನಡದಲ್ಲೇ ಹೇಳಿಸಬಹುದು. ಯಾರಿಗೆ ಯಾವ ಯಂತ್ರದ ಕೀ ಕೊಡಬಹುದು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಸೀಜನ್ನಿಗೆ ಬಂದ ಬದಲಿ ಡ್ರೈವರ್‌ಗೆ ಮೊದಲ ಲೋಡು ಒಬ್ಬನನ್ನೇ ಕಳಿಸದೆ ಹಳಬರನ್ನು ಜೊತೆಗೆ ಕೂರಿಸಬಹುದು.

ಕ್ಲೀನರ್ ಹುಡುಗನನ್ನೂ ಈ ತರಬೇತಿಗೆ ಕೂರಿಸಿ. ಲಾರಿ ರಿವರ್ಸ್ ಬರುವಾಗ ಅವನು ಸರಿಯಾಗಿ ಹಿಂದೆ ನಿಂತು "ಬರ್ಲಿ ಬರ್ಲಿ" ಅನ್ನುತ್ತಾ ತಾನೂ ಹಿಂದಕ್ಕೆ ನಡೆಯುತ್ತಿರುತ್ತಾನೆ. ಹಿಂದೆ ಗೋಡೆ ಇರುತ್ತದೆ. ಅವನು ನಿಲ್ಲಬೇಕಾದ್ದು ಪಕ್ಕಕ್ಕೆ, ಡ್ರೈವರ್‌ನ ಕನ್ನಡಿಯಲ್ಲಿ ಮುಖ ಕಾಣುವ ಕಡೆ. ಕನ್ನಡಿಯಲ್ಲಿ ಹುಡುಗ ಕಾಣದಿದ್ದರೆ ಡ್ರೈವರ್ ಆ ಕ್ಷಣವೇ ಗಾಡಿ ನಿಲ್ಲಿಸಬೇಕು, ಹಿಂದೆ ಎಷ್ಟೇ ಗಾಡಿಗಳು ಹಾರ್ನ್ ಹೊಡೆಯುತ್ತಿರಲಿ.