ಲೈಬ್ರರಿಯಲ್ಲಿ ಇದೆ ಅಂದ್ರೆ ಸರಿ ಇರಲೇಬೇಕಾ?

ವಾಸ್ಕೋದ ಓದುಗರೊಬ್ಬರು ಕೇಳಿದ್ದಾರೆ: "ಅಮ್ಮನಿಗೆ ಶುಗರ್ ಬಂದಿದೆ. ಪಣಜಿಯ ಸೆಂಟ್ರಲ್ ಲೈಬ್ರರಿಯಲ್ಲಿ ಅದರ ಬಗ್ಗೆ ಪುಸ್ತಕ ಸಿಗುತ್ತಾ? ಲೈಬ್ರರಿ ಪುಸ್ತಕ ಅಂದ ಮೇಲೆ ಕಣ್ಣುಮುಚ್ಚಿ ನಂಬಬಹುದು, ಅಲ್ವಾ?"

ಸಿಗುತ್ತದೆ. ಕದಂಬ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಲೈಬ್ರರಿ ಇರುವ ಪಾಟ್ಟೋ ಪ್ರದೇಶ ಪಕ್ಕದಲ್ಲೇ. ಸೆಂಟ್ರಲ್ ಲೈಬ್ರರಿಗೆ ಈಗಿರುವ ಹೆಸರು ಕೃಷ್ಣದಾಸ ಶಾಮಾ ಲೈಬ್ರರಿ; ಅದು ಎಲ್ಲಿ ಅಂತ ಕೇಳಿ, ತೋರಿಸುತ್ತಾರೆ. ಡ್ಯೂಯಿ ನಂಬರಿನ, ಅಂದರೆ ವಿಷಯಕ್ಕೊಂದರಂತೆ ಪುಸ್ತಕಗಳಿಗೆ ಹಾಕುವ ನಂಬರಿನ, ಪ್ರಕಾರ ಜೋಡಿಸಿದ ಯಾವ ಲೈಬ್ರರಿಯಲ್ಲಾದರೂ ರೋಗಗಳ ಪುಸ್ತಕ 616ರಲ್ಲಿ ಇರುತ್ತವೆ. ಡಯಾಬಿಟಿಸ್‌ಗೆ 616.462. ಕೌಂಟರಿನಲ್ಲಿ ಕಾಯಿಲೆಯ ಹೆಸರು ಹೇಳಲು ಸಂಕೋಚವೇ? ನಂಬರ್ ಬರೆದ ಚೀಟಿ ಕೊಟ್ಟರೂ ಆಯ್ತು.

ತಲೆನೋವು ಎರಡನೇ ಪ್ರಶ್ನೆಯದು. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ. ಲೈಬ್ರರಿಯವರು ಪುಸ್ತಕ ಕೊಳ್ಳುತ್ತಾರೆ, ನಂಬರ್ ಹಾಕುತ್ತಾರೆ, ಜೋಡಿಸುತ್ತಾರೆ. ಒಳಗಿನ ಔಷಧಿ ಸರಿಯೋ ತಪ್ಪೋ ಅಂತ ಪರೀಕ್ಷೆ ಮಾಡುವುದು ಅವರ ಕೆಲಸ ಅಲ್ಲ. ಆ ನಂಬರ್ ಹೇಳುವುದು ಪುಸ್ತಕ ಯಾವ ವಿಷಯದ್ದು ಅಂತ ಮಾತ್ರ. ಒಳ್ಳೆ ಡಾಕ್ಟರ್ ಬರೆದದ್ದೂ "ತಿಂಗಳಲ್ಲಿ ಶುಗರ್ ಮಾಯ" ಅನ್ನುವುದೂ ಅದೇ ಕಪಾಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ.

ಒಳ್ಳೆ ಡಾಕ್ಟರ್ ಬರೆದದ್ದಾದರೂ ಯಾವಾಗ ಬರೆದದ್ದು ನೋಡಿ. ಖಾಲಿ ಹೊಟ್ಟೆಯ ಶುಗರ್ 140 ದಾಟಿದರೆ ಡಯಾಬಿಟಿಸ್ ಅನ್ನುತ್ತಿದ್ದ ಕಾಲ ಒಂದಿತ್ತು. 1997ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಆ ಗೆರೆಯನ್ನು 126ಕ್ಕೆ ಇಳಿಸಿತು. ಈಗ ಎಲ್ಲ ಕಡೆ ನಡೆಯುವುದು ಅದೇ. ಅಮ್ಮನ ರಿಪೋರ್ಟಿನಲ್ಲಿ 132 ಇದೆ ಅಂದುಕೊಳ್ಳಿ. 1990ರ ಪುಸ್ತಕ ತೆರೆದರೆ "ಏನೂ ಇಲ್ಲ" ಅಂತ ಸಮಾಧಾನ ಮಾಡಿಕೊಂಡು ಬರುತ್ತೀರಿ. ಆ ಪುಸ್ತಕ ಬರೆದವರು ಸುಳ್ಳು ಹೇಳಿಲ್ಲ. ಗೆರೆಯೇ ಬದಲಾಗಿದೆ. ಹಾವು ಕಚ್ಚಿದ ಜಾಗವನ್ನು ಕೊಯ್ದು ರಕ್ತ ಹೀರಿ ಅಂತಲೂ ಹಳೇ ಪುಸ್ತಕಗಳಲ್ಲಿದೆ. ಈಗ ಅದನ್ನು ಮಾಡಲೇಬೇಡಿ ಅನ್ನುತ್ತಾರೆ. ಅಲುಗಾಡದಂತೆ ಮಲಗಿಸಿ, ಸೀದಾ ಆಸ್ಪತ್ರೆಗೆ.

ಹಾಗಾಗಿ ಮುಖಪುಟ ಬಿಡಿ, ಮೊದಲ ಹಾಳೆಯ ಹಿಂಬದಿ ತಿರುಗಿಸಿ. ಅಲ್ಲಿ ಎರಡು ವರ್ಷಗಳಿದ್ದರೆ ಪರಿಷ್ಕರಿಸಿದ ಆವೃತ್ತಿಯ ವರ್ಷ ನೋಡಿ. ಸುಮ್ನೆ ಮರುಮುದ್ರಣ ಅಂದರೆ ಒಳಗೆ ಒಂದಕ್ಷರವೂ ಬದಲಾಗಿರುವುದಿಲ್ಲ. ಮಾತ್ರೆ, ಇನ್ಸುಲಿನ್ ವಿಷಯ ಮಾತ್ರ ಡಾಕ್ಟರ್ ಹತ್ತಿರವೇ ಕೇಳಬೇಕು.

ಹಾಗಾದರೆ ಹಳೇ ಪುಸ್ತಕ ಯಾಕೆ ಇಟ್ಟುಕೊಳ್ಳುತ್ತಾರೆ? ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಣಜಿ ಚರ್ಚ್ ಹತ್ತಿರದ ಪಾರ್ಕಿಗೆ ಗಾರ್ಸಿಯಾ ದ ಓರ್ತಾ ಹೆಸರಿದೆ, ಗೊತ್ತಲ್ಲ? ಆತ ಪೋರ್ಚುಗೀಸ್ ವೈದ್ಯ. ಇಲ್ಲಿಯ ಔಷಧಗಳ ಬಗ್ಗೆ ಆತ ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಅದರಲ್ಲಿ ಕಾಲರಾ ರೋಗಿಯ ಅವಸ್ಥೆಯ ವಿವರವಿದೆ. ವೈದ್ಯಕೀಯದ ಇತಿಹಾಸ ಬರೆಯುವವರು ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಅವರಿಗೆ ಬೇಕಾದದ್ದು ಆಗ ಜನ ಏನು ಅಂದುಕೊಂಡಿದ್ದರು ಅನ್ನುವುದು. ನಿಮ್ಮ ಅಮ್ಮನಿಗೆ ಬೇಕಾದದ್ದು ಈಗಿನ ಗೆರೆ.