ನೋಶಿಮೆ ಅಂದರೆ ಹದ್ದಿನ ಚಿತ್ರ ಅಲ್ಲ

ಹಳೆಯ ಜಪಾನಿ ಕಿಮೊನೊ ಮಾರುವವರ ಪುಟಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಗಂಡುಮಗುವಿನ ಕಪ್ಪು ರೇಷ್ಮೆ ಕಿಮೊನೊ, ಬೆನ್ನ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ, ಕೆಳಗೊಂದು ವಿವರಣೆ: ‘ನೋಶಿಮೆ, ಅಂದರೆ ಶೌರ್ಯದ ಹದ್ದು’. ಒಂದೇ ಸಾಲಲ್ಲಿ ಎರಡು ತಪ್ಪು. ನೋಶಿಮೆ ಯಾವ ಚಿತ್ರದ ಹೆಸರೂ ಅಲ್ಲ. ಆ ಹಕ್ಕಿ ಹದ್ದೂ ಅಲ್ಲ.

ಮೊದಲು ಪದದ ಕಥೆ. ನೋಶಿಮೆ ಮೂಲದಲ್ಲಿ ಒಂದು ಬಟ್ಟೆ. ನೇಯ್ಗೆಯ ಉದ್ದ ಎಳೆಗಳಿಗೆ (ಹಾಸು) ಕಚ್ಚಾ ರೇಷ್ಮೆ, ಅಡ್ಡ ಎಳೆಗಳಿಗೆ (ಹೊಕ್ಕು) ಅಂಟು ತೆಗೆದು ಮೆತ್ತಗೆ ಮಾಡಿದ ರೇಷ್ಮೆ. ಎದೊ ಕಾಲದಲ್ಲಿ (1603–1868) ಸಮುರಾಯ್ ಯೋಧರು ಕಮಿಶಿಮೊ ಎಂಬ ದರ್ಬಾರಿ ಉಡುಪಿನ ಒಳಗೆ ಇದನ್ನು ತೊಡುತ್ತಿದ್ದರು. ಮೈಯೆಲ್ಲ ಒಂದೇ ಬಣ್ಣ. ಸೊಂಟದ ಸುತ್ತ ಮತ್ತು ತೋಳಿನ ಕೆಳಭಾಗದಲ್ಲಿ ಮಾತ್ರ ಪಟ್ಟೆ ಇಲ್ಲವೇ ಚೌಕಳಿ. ಬರ್ತಾ ಬರ್ತಾ ಬಟ್ಟೆಯ ಹೆಸರು ಈ ವಿನ್ಯಾಸಕ್ಕೇ ಅಂಟಿಕೊಂಡಿತು. ನೋ ಎಂಬ ಜಪಾನಿನ ಹಳೆಯ ನಾಟಕ ಪ್ರಕಾರದಲ್ಲಿ ಗಂಡು ಪಾತ್ರಗಳು ಉಡುವ ಒಂದು ಬಗೆಯ ಕಿಮೊನೊಗೆ ಇವತ್ತೂ ಇದೇ ಹೆಸರಿದೆ. ಮಗುವಿನ ಕಿಮೊನೊದಲ್ಲೂ ಮೇಲೆ ಕೆಳಗೆ ಗಾಢ ಬಣ್ಣ, ನಡುವೆ ಚಿತ್ರ ಅಂತ ಇರುವುದರಿಂದ ಅಂಗಡಿಯವರು ಅದನ್ನೂ ನೋಶಿಮೆ ಅಂದರು. ಚಿತ್ರ ಹಕ್ಕಿಯದ್ದೇ ಆಗಬೇಕಿಲ್ಲ. ಹುಲಿ ಇದ್ದರೂ, ಹಡಗಿದ್ದರೂ ನೋಶಿಮೆಯೇ.

ಇನ್ನೊಂದು ಗೊಂದಲ ‘ನೋಶಿ’ಯದ್ದು. ನೋಶಿ ಬೇರೆ, ನೋಶಿಮೆ ಬೇರೆ. ಅಬಲೋನಿ ಎಂಬ ಸಮುದ್ರದ ಚಿಪ್ಪುಜೀವಿಯ ಮಾಂಸವನ್ನು ಉದ್ದಕ್ಕೆ ಹೆರೆದು, ಒಣಗಿಸಿ, ಎಳೆದು ಚಪ್ಪಟೆ ಮಾಡಿದ ಪಟ್ಟಿಯೇ ನೋಶಿ. ಹಿಗ್ಗಿಸು, ಚಪ್ಪಟೆ ಮಾಡು ಅನ್ನುವ ಕ್ರಿಯಾಪದದಿಂದ ಬಂದ ಹೆಸರು. ಉದ್ದಕ್ಕೆ ಹಿಗ್ಗಿದ್ದರಿಂದ ಆಯಸ್ಸಿನ ಗುರುತಾಯಿತು, ಉಡುಗೊರೆಯ ಮೇಲೆ ಕೆಂಪು-ಬಿಳಿ ಕಾಗದದಲ್ಲಿ ಮಡಚಿ ಇಡುವ ರೂಢಿ ಬಂತು. ಈಗ ಒಳಗೆ ಇರುವುದು ಸುಮ್ನೆ ಹಳದಿ ಕಾಗದದ ಚೂರು. ಆದರೆ ಮಿಯೆ ಪ್ರಾಂತ್ಯದ ತೊಬಾ ಊರಿನ ಕುಜಾಕಿಯಲ್ಲಿ ನಿಜವಾದ ನೋಶಿಯನ್ನು ಇನ್ನೂ ಮಾಡಿ ಇಸೆ ದೇವಾಲಯಕ್ಕೆ ಅರ್ಪಿಸುತ್ತಾರೆ. ಇಂಥ ಪಟ್ಟಿಗಳನ್ನು ಕಟ್ಟಾಗಿ ಕಟ್ಟಿ ಬಿಡಿಸಿದ ಚಿತ್ರವೂ ಕಿಮೊನೊಗಳಲ್ಲಿ ಬರುತ್ತದೆ. ಅದು ‘ತಬಾನೆ ನೋಶಿ’. ನೋಶಿಮೆಯ ಒಳಗೆ ನೋಶಿ ಬಿಡಿಸಿರಲೂಬಹುದು, ಅಲ್ಲೇ ಜನ ಎಡವುವುದು.

ಉಳಿದ ‘ಮೆ’ ಅಂದರೆ ಕಣ್ಣು. ನೇಯ್ಗೆಯ ಕಣ್ಣಿಗೂ ಹೊಲಿಗೆಯ ಕಣ್ಣಿಗೂ ಜಪಾನಿನಲ್ಲಿ ಇದೇ ಮಾತು. ದೊಡ್ಡವರ ಕಿಮೊನೊಗೆ ಬೆನ್ನ ನಡುವೆ ಹೊಲಿಗೆ ಇರುತ್ತದೆ, ಆ ಕಣ್ಣುಗಳು ಹಿಂದಿನಿಂದ ಬರುವ ಕೇಡನ್ನು ಕಾಯುತ್ತವೆ ಅನ್ನುವ ನಂಬಿಕೆ ಇತ್ತು. ಕೂಸಿನ ಬೆನ್ನಿಗೆ ಒಂದೇ ಅಗಲದ ಬಟ್ಟೆ ಸಾಕು, ಹೊಲಿಗೆಯೇ ಇಲ್ಲ. ಅದಕ್ಕೆ ತಾಯಂದಿರು ಕುತ್ತಿಗೆಯ ಕೆಳಗೆ ಬಣ್ಣದ ದಾರದಲ್ಲಿ ಕೆಲವು ಹೊಲಿಗೆ ಹಾಕುತ್ತಿದ್ದರು. ಇದು ‘ಸೆಮಮೊರಿ’, ಬೆನ್ನ ಕಾವಲು. ಶಾಸ್ತ್ರದ ಕಿಮೊನೊದಲ್ಲಿ ಆ ಜಾಗದಲ್ಲಿ ಮನೆತನದ ಲಾಂಛನ ಕೂತಿರುತ್ತದೆ.

ಈಗ ಹಕ್ಕಿ. ಅದು ತಾಕಾ, ಅಂದರೆ ಗಿಡುಗ. ಹಳೆಗನ್ನಡದ ‘ಡೇಗೆ’ ಇನ್ನೂ ಹತ್ತಿರ, ಯಾಕಂದರೆ ಇದು ಬೇಟೆಗೆ ಪಳಗಿಸಿದ ಹಕ್ಕಿ. ಎದೊ ಕಾಲದ ಮೊದಲ ಶೋಗನ್ (ಸೇನಾ ಆಳರಸ) ತೊಕುಗಾವಾ ಇಯೆಯಾಸುಗೆ ಗಿಡುಗದ ಬೇಟೆಯ ಹುಚ್ಚು ಜಾಸ್ತಿ ಇತ್ತು. ಕೆಲವು ಚಿತ್ರಗಳಲ್ಲಿ ಹಕ್ಕಿಯ ಕಾಲಿನಿಂದ ನೇಯ್ದ ಹಗ್ಗ ಇಳಿದು ಹಕ್ಕಿ ಕೂರುವ ಅಡ್ಡಕೋಲಿಗೆ ಕಟ್ಟಿರುತ್ತದೆ, ತುದಿಗೆ ಕುಚ್ಚು. ಪಳಗಿಸಿದ ಬೇಟೆ ಗಿಡುಗದ ಗುರುತು ಇದು. ಹೊಸ ವರ್ಷದ ಮೊದಲ ಕನಸಲ್ಲಿ ಕಂಡರೆ ಶುಭ ಅನ್ನುವವುಗಳಲ್ಲಿ ಮೊದಲನೆಯದು ಫುಜಿ ಬೆಟ್ಟ, ಎರಡನೆಯದು ಗಿಡುಗ, ಮೂರನೆಯದು ಬದನೆಕಾಯಿ ಅಂತಲೂ ಮಾತಿದೆ. ಫುಜಿ ಮತ್ತು ಗಿಡುಗ ಕೂಸಿನ ಬೆನ್ನಿಗೆ ಬಂದವು. ಬದನೆಕಾಯಿ ಅಷ್ಟಾಗಿ ಕಾಣುವುದಿಲ್ಲ, ಪಾಪ.

ಈ ಕಿಮೊನೊಗಳ ಬೆನ್ನ ಮೇಲೆ ಬೇರೆ ಚಿತ್ರಗಳೂ ಬರುತ್ತವೆ. ಕಬುತೊ ಶಿರಸ್ತ್ರಾಣ ಮೇ 5ರ ಗಂಡುಮಕ್ಕಳ ಹಬ್ಬದ ನೆಂಟ. ಕೋಯಿ ಮೀನು ಜಲಪಾತ ಏರಿ ಡ್ರ್ಯಾಗನ್ ಆದ ಚೀನೀ ಕಥೆಯದ್ದು. ನನಗೆ ಇಷ್ಟವಾದದ್ದು ತಕರಾಬುನೆ ಎಂಬ ನಿಧಿ ಹಡಗು. ಅದರಲ್ಲಿ ಬರುವ ಏಳು ಭಾಗ್ಯದೇವತೆಗಳಲ್ಲಿ ಬೆಂಜೈತೆನ್ ನಮ್ಮ ಸರಸ್ವತಿ, ಬಿಶಾಮೊಂತೆನ್ ನಮ್ಮ ವೈಶ್ರವಣ ಕುಬೇರ, ದೈಕೊಕುತೆನ್ ಮಹಾಕಾಳ. ಬಯಸಿದ್ದನ್ನು ಕೊಡುವ ಪುಟ್ಟ ಸುತ್ತಿಗೆ ಹಿಡಿದು ನಗುವ ಮಹಾಕಾಳನನ್ನು ನಮ್ಮೂರಲ್ಲಿ ಯಾರೂ ಗುರುತು ಹಿಡಿಯಲಾರರು.

‘ಮಗು ಇಷ್ಟು ದೊಡ್ಡ ಬಟ್ಟೆ ಹೇಗೆ ತೊಡುತ್ತೆ’ ಅಂತ ಕೇಳುವವರಿಗೆ: ತೊಡುವುದಿಲ್ಲ. ಹುಟ್ಟಿದ ಸುಮಾರು ಒಂದು ತಿಂಗಳಿಗೆ ಮಿಯಾಮೈರಿ, ಮೊದಲ ದೇವಸ್ಥಾನ ಭೇಟಿ. ರೂಢಿಯಂತೆ ತಂದೆಯ ತಾಯಿ ಕೂಸನ್ನು ಎತ್ತಿಕೊಳ್ಳುತ್ತಾರೆ, ಕಿಮೊನೊವನ್ನು ಮೇಲೆ ಹೊದಿಸಿ ಅದರ ಪಟ್ಟಿಗಳನ್ನು ಅಜ್ಜಿಯ ಬೆನ್ನ ಹಿಂದೆ ಕಟ್ಟುತ್ತಾರೆ. ಎದುರಿಗೆ ಬಂದವರಿಗೆ ಕಾಣುವುದು ಕಿಮೊನೊದ ಬೆನ್ನೇ. ಒಳ್ಳೆಯ ಚಿತ್ರವೆಲ್ಲ ಅಲ್ಲಿರುವುದು ಅದಕ್ಕೆ.

ಎಲ್ಲದಕ್ಕೂ ‘ಸಮುರಾಯ್ ಸಂಪ್ರದಾಯ’ ಅನ್ನುವವರು 1930ರ ದಶಕದ ಕಿಮೊನೊಗಳನ್ನು ಒಮ್ಮೆ ನೋಡಬೇಕು. ಅವುಗಳಲ್ಲಿ ಯುದ್ಧವಿಮಾನ, ಟ್ಯಾಂಕು, ಯುದ್ಧನೌಕೆಗಳಿವೆ. ಸಮುರಾಯ್ ಕಾಲ ಮುಗಿದು ಅಷ್ಟೊತ್ತಿಗೆ ಅರವತ್ತು ವರ್ಷ ದಾಟಿತ್ತು.